ಮೊನೆ ಮುಚ್ಚಿ ಹಿಡಿಯೋಣ, ಗಾಯ ಒತ್ತಿ ಹಿಡಿಯೋಣ

ಬಾಣಗಳನ್ನು ಹಿಡಿದುಕೊಂಡು ಮಸೀದಿಯೊಳಗೆ ಅಥವಾ ಪೇಟೆಯ ನಡುವೆ ಹಾದುಹೋಗುವವರು ಅವುಗಳ ಮೊನೆಯನ್ನು ಕೈಯಿಂದ ಹಿಡಿದುಕೊಳ್ಳಬೇಕು ಎಂದು ಪ್ರವಾದಿ(ಸ) ತಮ್ಮ ಸಂಗಾತಿಗಳಿಗೆ ಕಲಿಸಿದ್ದರು. ಹ. ಅಬೂಮೂಸಾ ಅಶ್‌ಅರಿ(ರ) ವರದಿ ಮಾಡಿರುವ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಬಾಣ ಹಿಡಿದವನಿಗೆ ಯಾರನ್ನೂ ಗಾಯಗೊಳಿಸುವ ಉದ್ದೇಶ ಇರಲಿಲ್ಲ. ಅವನು ತನ್ನ ಕೆಲಸಕ್ಕೆ ಹೋಗುತ್ತಿದ್ದ, ಅಷ್ಟೆ. ಆದರೆ ಜನರ ನಡುವೆ ತೆರೆದ ಮೊನೆ ಇದ್ದರೆ ಉದ್ದೇಶ ಇಲ್ಲದೆಯೂ ರಕ್ತ ಹರಿಯುತ್ತದೆ. ‘ನಾನು ಬೇಕೆಂದು ಮಾಡಲಿಲ್ಲ’ ಎಂಬ ಮಾತು ಗಾಯಗೊಂಡವನ ನೋವನ್ನು ಕಡಿಮೆ ಮಾಡುವುದಿಲ್ಲ.

ಇದೇ ಸಾಲಿನಲ್ಲಿ ಇನ್ನೂ ಕೆಲವು ಬೋಧನೆಗಳಿವೆ. ಒರೆಯಿಂದ ಹೊರತೆಗೆದ ಖಡ್ಗವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವುದನ್ನು ಪ್ರವಾದಿ(ಸ) ತಡೆದರು. ತಮಾಷೆಗಾದರೂ ಸಹೋದರನತ್ತ ಆಯುಧ ಗುರಿಯಿಡಬಾರದು ಎಂದರು. ರಾತ್ರಿ ಮಲಗುವ ಮುನ್ನ ದೀಪ ಆರಿಸಲು ಹೇಳಿದರು. ಇವೆಲ್ಲ ಸಣ್ಣ ಸಂಗತಿಗಳಂತೆ ಕಾಣುತ್ತವೆ. ಆದರೆ ಇವೆಲ್ಲದರ ಹಿಂದೆ ಒಂದೇ ಪಾಠವಿದೆ: ನಿನ್ನ ಕೈಯಲ್ಲಿರುವ ವಸ್ತುವಿನಿಂದ ಇನ್ನೊಬ್ಬನಿಗೆ ಆಗಬಹುದಾದ ಹಾನಿಯನ್ನು ಮೊದಲೇ ತಡೆಯುವುದು ನಿನ್ನ ಹೊಣೆ.

ಈ ಪಾಠಕ್ಕೆ ಇನ್ನೊಂದು ಮುಖವೂ ಇದೆ. ನಮ್ಮಿಂದ ಯಾರಿಗೂ ಗಾಯವಾಗದಿದ್ದರೆ ಮಾತ್ರ ಸಾಲದು. ಬೇರೆ ಯಾವುದೋ ಕಾರಣಕ್ಕೆ ಗಾಯಗೊಂಡು ನಮ್ಮ ಮುಂದೆ ಬಿದ್ದಿರುವವನ ರಕ್ತವನ್ನು ನಿಲ್ಲಿಸಲೂ ನಮ್ಮ ಕೈಗೆ ಬರಬೇಕು. ಈ ಎರಡು ಮುಖಗಳನ್ನೂ ಇಂದು ನಮ್ಮ ಮನೆ, ನಮ್ಮ ರಸ್ತೆಯ ಸಂದರ್ಭದಲ್ಲಿ ನೋಡೋಣ.

ನಮ್ಮ ಮನೆಗಳಲ್ಲಿರುವ ಕೋವಿ

ಇಂದು ಬಾಣದ ಮೊನೆ ಎಲ್ಲಿದೆ ಎಂದು ಪಟ್ಟಣದ ಓದುಗರು ಕೇಳಬಹುದು. ಕೊಡಗು, ಮಲೆನಾಡು, ಕರಾವಳಿಯ ತೋಟದ ಮನೆಗಳವರಿಗೆ ಉತ್ತರ ಗೊತ್ತಿದೆ. ಕಾಡುಹಂದಿ, ಮಂಗಗಳಿಂದ ಅಡಿಕೆ, ಬಾಳೆ, ಭತ್ತ ಉಳಿಸಿಕೊಳ್ಳಲು ಬೆಳೆ ರಕ್ಷಣೆಯ ಪರವಾನಗಿ ಪಡೆದ ಕೋವಿ ಎಷ್ಟೋ ಮನೆಗಳ ಮೂಲೆಯಲ್ಲಿದೆ. ಅಜ್ಜನ ಕಾಲದ ಒಂಟಿ ನಳಿಕೆಯ ಕೋವಿ ಅಟ್ಟದ ಮೇಲೆ ಹಾಗೇ ಉಳಿದಿರುವ ಮನೆಗಳೂ ಇವೆ. ಅದರ ವಿಷಯದಲ್ಲಿ ಕಾನೂನಿನ ಕೆಲವು ಅಂಶಗಳು ಮನೆಯ ಎಲ್ಲರಿಗೂ ತಿಳಿದಿರಬೇಕು.

ನಮ್ಮ ದೇಶದಲ್ಲಿ ಕೋವಿ ಇಟ್ಟುಕೊಳ್ಳುವುದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆ ಅನ್ವಯಿಸುತ್ತದೆ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯೊಂದಿದೆ. ಉಳಿದವರಿಗೆಲ್ಲ ಪರವಾನಗಿ ಬೇಕೇ ಬೇಕು. 21 ವರ್ಷ ತುಂಬದವರಿಗೆ ಪರವಾನಗಿ ಸಿಗುವುದಿಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರು ಸಾಮಾನ್ಯವಾಗಿ 2 ಕೋವಿಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅದೇ ತಿದ್ದುಪಡಿ ಅವಕಾಶ ಕೊಟ್ಟಿದೆ.

ಪರವಾನಗಿ ಇರುವುದು ಒಬ್ಬರ ಹೆಸರಿಗೆ, ಇಡೀ ಮನೆತನಕ್ಕಲ್ಲ. ಅದರಲ್ಲಿ ಹೆಸರಿಲ್ಲದ ಅಳಿಯನೋ ತಮ್ಮನೋ ‘ಒಂದು ರಾತ್ರಿಗೆ ಕೊಡಿ’ ಎಂದು ಕೇಳಿದರೆ ಕೊಡುವಂತಿಲ್ಲ. ಸಲುಗೆಗೆ ಕಟ್ಟುಬಿದ್ದು ಕೊಟ್ಟವರು ಮುಂದೆ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾಗುತ್ತದೆ. ಪರವಾನಗಿ ಹೊಂದಿದ್ದ ತಂದೆ ತೀರಿಕೊಂಡರೆ, ಮಕ್ಕಳು ಕೋವಿಯನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಪರವಾನಗಿ ಇರುವ ಶಸ್ತ್ರಾಸ್ತ್ರ ಮಾರಾಟಗಾರರಲ್ಲಿ ಒಪ್ಪಿಸಿ ರಸೀದಿ ಪಡೆಯಬೇಕು. ಮುಂದೆ ಬೇಕಿದ್ದರೆ ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ಮಯ್ಯಿತ್‌ನ ಸಾಲ ತೀರಿಸುವ, ವಸಿಯ್ಯತ್ ನೋಡುವ ಹೊತ್ತಿನಲ್ಲಿ ಈ ಕೆಲಸವನ್ನೂ ನೆನಪಿಡಬೇಕು. ಅಟ್ಟದ ಮೇಲಿನ ಅಜ್ಜನ ಕೋವಿ ಇಂದು ಯಾರ ಹೆಸರಿನಲ್ಲಿದೆ ಎಂದು ಈ ವಾರವೇ ಒಮ್ಮೆ ನೋಡಿ.

ಹಂದಿ ಬರುವ ದಾರಿಗೆ ತಂತಿ ಕಟ್ಟಿ ತಾನಾಗಿ ಹಾರುವಂತೆ ಕೋವಿ ಇಡುವುದು, ಸಿಡಿಮದ್ದಿನ ಉಂಡೆ ಇಡುವುದು ಅಪರಾಧ. ಆ ತಂತಿಗೆ ಹಂದಿಯ ಕಾಲು ಯಾವುದು, ಸೌದೆಗೆ ಹೋಗುವ ಹೆಂಗಸಿನ ಕಾಲು ಯಾವುದು ಎಂದು ಗೊತ್ತಾಗುವುದಿಲ್ಲ. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಲ್ಲರಿಗೂ ಅನ್ವಯಿಸುತ್ತದೆ.

ಬೀಗ ಮತ್ತು ಬೀಗದ ಕೈ

ಕೋವಿಯಿಂದ ಆಗುವ ದುರಂತಗಳು ಎಷ್ಟೋ ಸಲ ಮನೆಯೊಳಗೇ, ಮನೆಯವರಿಗೇ ಆಗುತ್ತವೆ. ‘ನಮ್ಮ ಮಕ್ಕಳಿಗೆ ಅದು ಎಲ್ಲಿದೆ ಎಂದೇ ಗೊತ್ತಿಲ್ಲ’ ಎಂದು ದೊಡ್ಡವರು ಹೇಳುತ್ತಾರೆ. ಬೆಲ್ಲದ ಡಬ್ಬಿ ಎಲ್ಲಿ ಬಚ್ಚಿಟ್ಟರೂ ಹುಡುಕುವ ಮಕ್ಕಳಿಗೆ ಕೋವಿ ಇರುವ ಜಾಗ ಗೊತ್ತಿಲ್ಲ ಎಂದು ನಂಬುವುದು ಕಷ್ಟ. ಆದ್ದರಿಂದ ಬಚ್ಚಿಡುವುದನ್ನು ನಂಬದೆ ಬೀಗವನ್ನು ನಂಬಬೇಕು.

ಕೋವಿಯನ್ನು ಯಾವಾಗಲೂ ತೋಟೆ ತೆಗೆದೇ ಒಳಗಿಡಬೇಕು. ಅದಕ್ಕೆ ಗಟ್ಟಿಯಾದ ಬೀಗದ ಕಪಾಟು ಇರಬೇಕು. ತೋಟೆಗಳನ್ನು ಬೇರೆ ಜಾಗದಲ್ಲಿ, ಬೇರೆ ಬೀಗದಲ್ಲಿ ಇಡಬೇಕು. ಬೀಗದ ಕೈ ಪರವಾನಗಿ ಇರುವವರ ಬಳಿಯೇ ಇರಬೇಕು. ಬಾಗಿಲ ಹಿಂದಿನ ಮೊಳೆಗೆ ನೇತು ಹಾಕಿದರೆ ಬೀಗ ಹಾಕಿದ್ದೂ ಹಾಕದಿದ್ದೂ ಒಂದೇ. ತೋಟದಿಂದ ಮನೆಗೆ ಬರುವಾಗ ಅಂಗಳಕ್ಕೆ ಕಾಲಿಡುವ ಮೊದಲೇ ತೋಟೆ ಹೊರಗೆ ಬಂದಿರಬೇಕು. ಬೇಲಿ, ಸಂಕ, ಅಗಳು ದಾಟುವಾಗಲೂ ಅಷ್ಟೆ.

ಹಿಡಿಯುವವರಿಗೆ ನಾಲ್ಕು ನಿಯಮಗಳಿವೆ. ಒಂದು, ಪ್ರತಿ ಕೋವಿಯಲ್ಲೂ ತೋಟೆ ಇದೆ ಎಂದೇ ತಿಳಿದು ನಡೆದುಕೊಳ್ಳಬೇಕು. ಎರಡು, ನಳಿಕೆಯ ಬಾಯಿ ಎಂದೂ ಮನುಷ್ಯರತ್ತ ತಿರುಗಬಾರದು. ಮೂರು, ಗುಂಡು ಹಾರಿಸುವ ಕ್ಷಣದವರೆಗೂ ಬೆರಳು ಟ್ರಿಗರ್ ಮೇಲೆ ಇರಬಾರದು. ನಾಲ್ಕು, ಗುರಿ ಯಾವುದು, ಅದರ ಹಿಂದೆ ಏನಿದೆ ಎಂದು ಖಚಿತವಾಗದೆ ಹಾರಿಸಬಾರದು. ಪೊದೆ ಅಲುಗಾಡಿದ್ದನ್ನು ಕಂಡು ಹಂದಿಯೆಂದು ತಿಳಿದು ಹಾರಿಸಿದ ಗುಂಡು ಜೊತೆಗಾರನಿಗೇ ತಗಲಿದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಎರಡನೆಯ ನಿಯಮವನ್ನು ನೋಡಿ. ತಮಾಷೆಗೂ ಆಯುಧ ಗುರಿಯಿಡಬೇಡಿ ಎಂಬ ಹದೀಸ್ ಅದನ್ನೇ ಹದಿನಾಲ್ಕು ಶತಮಾನಗಳ ಹಿಂದೆ ಕಲಿಸಿದೆ. ಈದ್‌ಗೆ ತಂದ ಆಟಿಕೆ ಪಿಸ್ತೂಲನ್ನು ಮಗು ತಂಗಿಯ ಮುಖಕ್ಕೆ ಹಿಡಿದಾಗ ನಾವು ನಗುತ್ತೇವೋ, ಕೈಯನ್ನು ಮೆಲ್ಲನೆ ಕೆಳಗಿಳಿಸುತ್ತೇವೋ? ಆ ಅಭ್ಯಾಸ ಅಲ್ಲಿಂದಲೇ ಆರಂಭವಾಗಬೇಕು.

ಶುಚಿತ್ವದ ಮಾತೂ ಇದೆ. ಗುಂಡು, ಚರೆಗಳಲ್ಲಿ ಸೀಸ ಇರುತ್ತದೆ. ಕೋವಿಯ ನಳಿಕೆ ಉಜ್ಜಿದಾಗ ಅದರ ಕಣಗಳು ಬಟ್ಟೆಗೆ, ಕೈಗೆ, ನೆಲಕ್ಕೆ ಅಂಟುತ್ತವೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೆಡುಕು. ಆದ್ದರಿಂದ ಕೋವಿಯನ್ನು ಅಡುಗೆಮನೆಯಲ್ಲಾಗಲಿ ಊಟದ ಜಾಗದಲ್ಲಾಗಲಿ ಶುಚಿ ಮಾಡಬಾರದು. ಗಾಳಿಯಾಡುವ ಹೊರಜಗಲಿಯಲ್ಲಿ ಹಳೆಯ ಕಾಗದ ಹಾಸಿ ಮಾಡಬೇಕು. ನಂತರ ಸೋಪು ಹಾಕಿ ಕೈ ತೊಳೆಯಬೇಕು. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಸಬಾರದು.

ಮನಸ್ಸು ಕುಗ್ಗಿದ ಮನೆಯಲ್ಲಿ

ಬೀಗಕ್ಕೆ ಇನ್ನೂ ದೊಡ್ಡ ಕಾರಣವೊಂದಿದೆ. ಅದನ್ನು ಮಾತನಾಡಲು ನಾವು ಹಿಂಜರಿಯುತ್ತೇವೆ.

ಹ. ತುಫೈಲ್ ಬಿನ್ ಅಮ್ರ್(ರ) ಅವರ ಜೊತೆ ಮದೀನಕ್ಕೆ ಹಿಜ್‌ರತ್ ಬಂದ ಅವರ ಊರಿನವರೊಬ್ಬರು ಅಲ್ಲಿ ಕಾಯಿಲೆ ಬಿದ್ದರು. ನೋವು ತಾಳಲಾರದೆ ಬಾಣದ ಅಲಗಿನಿಂದ ಬೆರಳ ಗಂಟುಗಳನ್ನು ಕತ್ತರಿಸಿಕೊಂಡರು. ರಕ್ತ ಹರಿದು ಸತ್ತರು. ಆತನ ಹಿಜ್‌ರತ್‌ನ ಕಾರಣ ಅಲ್ಲಾಹನು ಕ್ಷಮಿಸಿದ್ದಾನೆ, ಆದರೆ ಕೈಗಳು ಮಾತ್ರ ಹಾಗೇ ಮುಚ್ಚಿಕೊಂಡಿವೆ ಎಂದು ತುಫೈಲ್(ರ) ಕನಸಿನಲ್ಲಿ ಕಂಡರು. ಅದನ್ನು ಕೇಳಿದ ಪ್ರವಾದಿ(ಸ) ಆ ಕೈಗಳಿಗಾಗಿಯೂ ಕ್ಷಮೆ ಬೇಡಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಘಟನೆಯನ್ನು ನಾವು ಮತ್ತೆ ಮತ್ತೆ ಓದಬೇಕು. ಆತ್ಮಹತ್ಯೆ ಘೋರ ಪಾಪ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಸಂಕಟದಲ್ಲಿ ಸಿಕ್ಕಿಬಿದ್ದವನ ಬಗ್ಗೆ ಪ್ರವಾದಿ(ಸ)ಯವರ ಬಾಯಿಂದ ಬಂದದ್ದು ಪ್ರಾರ್ಥನೆ.

ಸಾಲ, ಬೆಳೆ ನಷ್ಟ, ಪರೀಕ್ಷೆ, ಮುರಿದ ಮದುವೆ, ಹೆರಿಗೆಯ ನಂತರದ ಖಿನ್ನತೆ ಹೀಗೆ ಯಾವ ಮನೆಗೂ ಅಂಥ ದಿನ ಬರಬಹುದು. ಸಾಯುವ ಯೋಚನೆ ಎಷ್ಟೋ ಸಲ ಸ್ವಲ್ಪ ಹೊತ್ತು ಉಕ್ಕಿ ಬಂದು ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಕೋವಿಯೋ ಕೀಟನಾಶಕದ ಬಾಟಲಿಯೋ ಸಿಗದಿದ್ದರೆ ಜೀವ ಉಳಿಯುತ್ತದೆ. ನೆರೆಯ ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ನಂತರ ಆತ್ಮಹತ್ಯೆಗಳು ದೊಡ್ಡ ಪ್ರಮಾಣದಲ್ಲಿ ಇಳಿದವು. ಮನೆಯಲ್ಲಿ ಯಾರಾದರೂ ಮಾತು ಬಿಟ್ಟಿದ್ದರೆ, ನಿದ್ದೆ ಬಿಟ್ಟಿದ್ದರೆ, ‘ನಾನಿಲ್ಲದಿದ್ದರೆ ಒಳ್ಳೆಯದಿತ್ತು’ ಎನ್ನುತ್ತಿದ್ದರೆ ಕೋವಿಯನ್ನು ಕೆಲಕಾಲ ಠಾಣೆಗೆ ಒಪ್ಪಿಸುವ ಬಗ್ಗೆ ಕೇಳಿ. ಕೀಟನಾಶಕವನ್ನು ಬೀಗದೊಳಗೆ ಇಡಿ. ಅವರ ಪಕ್ಕ ಕುಳಿತು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹೆಚ್ಚುತ್ತದೆ ಎಂಬ ಭಯ ಬೇಡ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

‘ನಮ್ಮ ರಕ್ಷಣೆ ನಾವೇ ಮಾಡಿಕೊಳ್ಳಬೇಕಲ್ಲ?’

ಊರಿನಲ್ಲಿ ಬಿಗುವಿನ ವಾತಾವರಣ ಉಂಟಾದಾಗ ಕೆಲವು ಯುವಕರು ಹೀಗೆ ಕೇಳುತ್ತಾರೆ. ಕೇಳುವ ಭಯ ಸುಳ್ಳಲ್ಲ. ಆದ್ದರಿಂದ ಉತ್ತರವನ್ನೂ ಸರಿಯಾಗಿ ಕೊಡಬೇಕು.

ತನ್ನ, ತನ್ನವರ, ಇತರರ ಪ್ರಾಣ ಮತ್ತು ಸ್ವತ್ತನ್ನು ಕಾಪಾಡಿಕೊಳ್ಳುವ ಹಕ್ಕು ಕಾನೂನಿನಲ್ಲಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಅದನ್ನು ಹೇಳುತ್ತವೆ. ಹಳೆಯ ದಂಡ ಸಂಹಿತೆಯಲ್ಲೂ ಅದು ಇತ್ತು. ಆದರೆ 37ನೇ ಕಲಮು ಎರಡು ಗೆರೆಗಳನ್ನು ಎಳೆಯುತ್ತದೆ. ಪೊಲೀಸರ ಮೊರೆ ಹೋಗಲು ಸಮಯ ಇದ್ದಾಗ ಈ ಹಕ್ಕು ಇಲ್ಲ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಯಾವಾಗಲೂ ಇಲ್ಲ. ಓಡಿಹೋಗುತ್ತಿರುವವನ ಬೆನ್ನಟ್ಟಿ ಹೊಡೆಯುವುದು, ನಿನ್ನೆಯದಕ್ಕೆ ಇಂದು ತೀರಿಸುವುದು ರಕ್ಷಣೆಯಲ್ಲ. ಅದು ಸೇಡು. ಹದ್ದು ಮೀರಬಾರದು ಎಂಬ ಕುರ್‌ಆನಿನ ಎಚ್ಚರಿಕೆಯೂ ನಮ್ಮ ಮುಂದಿದೆ.

ಪರವಾನಗಿ ಇಲ್ಲದ ನಾಡಬಂದೂಕು, ಗಾಡಿಯ ಡಿಕ್ಕಿಯಲ್ಲಿ ಬಚ್ಚಿಟ್ಟ ತಲವಾರು ಯಾವ ಮೊಹಲ್ಲಾವನ್ನೂ ಕಾಪಾಡುವುದಿಲ್ಲ. ಅವು ಹುಡುಗನೊಬ್ಬನ ಬಾಳನ್ನು, ಅವನ ತಾಯಿಯ ನಿದ್ದೆಯನ್ನು ಕಸಿಯುತ್ತವೆ. ಸಿಟ್ಟಿನ ಮಾತು ಏಟಿನಲ್ಲಿ ಮುಗಿಯಬಹುದಾಗಿದ್ದ ಜಗಳವನ್ನು ಜನಾಝದವರೆಗೆ ಒಯ್ಯುತ್ತವೆ. ಊರನ್ನು ನಿಜವಾಗಿ ಕಾಯುವ ಸಂಗತಿಗಳು ಬೇರೆ. ಬೀದಿದೀಪಗಳು ಉರಿಯುತ್ತಿರಬೇಕು. ಒಂಟಿಯಾಗಿರುವ ವೃದ್ಧರು, ಬಾಣಂತಿಯರು ಇರುವ ಮನೆಗಳ ಪಟ್ಟಿ ಇರಬೇಕು. ಠಾಣೆಯ ಅಧಿಕಾರಿಯ ಪರಿಚಯ ಶಾಂತಿಯ ದಿನಗಳಲ್ಲೇ ಆಗಿರಬೇಕು. ಅಕ್ಕಪಕ್ಕದ ಹಿಂದೂ, ಕ್ರೈಸ್ತ ನೆರೆಯವರ ಫೋನ್ ನಂಬರು ನಮ್ಮಲ್ಲಿ, ನಮ್ಮದು ಅವರಲ್ಲಿ ಇರಬೇಕು. ವದಂತಿ ಬಂದಾಗ ಹಂಚುವ ಮೊದಲು ವಿಚಾರಿಸುವ ನಾಲ್ಕು ಹಿರಿಯರು ಇರಬೇಕು. ಯಾರು ಗಾಯಗೊಂಡರೂ ರಕ್ತ ನಿಲ್ಲಿಸಬಲ್ಲ ಹತ್ತು ಜನ ಇರಬೇಕು. ಈ ಕೊನೆಯದನ್ನು ನಾವು ಇಂದೇ ಕಲಿಯಬಹುದು.

ರಕ್ತ ನಿಲ್ಲಿಸುವ ಕೈ

ಉಹುದ್‌ನಲ್ಲಿ ಪ್ರವಾದಿ(ಸ)ಯವರ ಮುಖಕ್ಕೆ ಗಾಯವಾದಾಗ ಹ. ಅಲಿ(ರ) ಗುರಾಣಿಯಿಂದ ನೀರು ಹೊಯ್ದರು, ಹ. ಫಾತಿಮಾ(ರ) ತೊಳೆದರು. ನೀರಿನಿಂದ ರಕ್ತ ಹೆಚ್ಚುವುದನ್ನು ಕಂಡ ಅವರು ತೊಳೆಯುವುದನ್ನು ಬಿಟ್ಟರು. ಚಾಪೆಯ ತುಂಡು ಸುಟ್ಟು ಬೂದಿಯನ್ನು ಗಾಯಕ್ಕೆ ಅಂಟಿಸಿದರು, ರಕ್ತ ನಿಂತಿತು. ಅಂದು ಕೈಗೆ ಸಿಕ್ಕ ಸಾಧನ ಅದು. ಇಂದು ನಮ್ಮ ಕೈಗೆ ಶುಭ್ರವಾದ ಬಟ್ಟೆ ಸಿಗುತ್ತದೆ. ಅವರಿಂದ ನಾವು ಕಲಿಯಬೇಕಾದದ್ದು ಗಾಬರಿಯಾಗದೆ ನೋಡುವುದು, ಮೊದಲು ರಕ್ತ ನಿಲ್ಲಿಸುವುದು. ಬೂದಿ, ಕಾಫಿ ಪುಡಿ, ಅರಿಶಿನ, ಸೀಮೆಎಣ್ಣೆ ಯಾವುದನ್ನೂ ಇಂದು ತೆರೆದ ಗಾಯಕ್ಕೆ ಹಾಕಬಾರದು. ಅವು ಗಾಯವನ್ನು ಕೊಳೆ ಮಾಡುತ್ತವೆ, ವೈದ್ಯರಿಗೆ ಗಾಯ ಕಾಣದಂತೆ ಮಾಡುತ್ತವೆ.

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ದೊಡ್ಡ ರಕ್ತನಾಳ ಕತ್ತರಿಸಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಆಂಬುಲೆನ್ಸ್ ಅಷ್ಟರಲ್ಲಿ ತಲುಪುವುದು ಕಷ್ಟ. ಆ ನಿಮಿಷಗಳಲ್ಲಿ ಗಾಯಾಳುವಿನ ಪಕ್ಕದಲ್ಲಿ ನಿಂತಿರುವವರೇ ವೈದ್ಯರು. ಗಾಯ ಗುಂಡಿನದ್ದಾಗಲಿ, ಕತ್ತಿಯದ್ದಾಗಲಿ, ರಸ್ತೆ ಅಪಘಾತದ್ದಾಗಲಿ ಮಾಡಬೇಕಾದ್ದು ಒಂದೇ.

1. ಮೊದಲು ಜಾಗ ಸುರಕ್ಷಿತವೇ ನೋಡಿ. ವಾಹನಗಳು ಬರುತ್ತಿದ್ದರೆ ತಡೆಯಲು ಒಬ್ಬರನ್ನು ನಿಲ್ಲಿಸಿ. ಹೊಡೆದಾಟ ಇನ್ನೂ ನಡೆಯುತ್ತಿದ್ದರೆ ನಡುವೆ ನುಗ್ಗಬೇಡಿ, ದೂರದಿಂದಲೇ ಕರೆ ಮಾಡಿ.

2. ‘ಯಾರಾದರೂ ಫೋನ್ ಮಾಡಿ’ ಎಂದು ಕೂಗಿದರೆ ಯಾರೂ ಮಾಡುವುದಿಲ್ಲ. ಒಬ್ಬರತ್ತ ಕೈ ತೋರಿಸಿ ‘ನೀವು 108ಕ್ಕೆ ಕರೆ ಮಾಡಿ’ ಎನ್ನಿ. ಪೊಲೀಸರೂ ಬೇಕಿದ್ದರೆ 112. ಜಾಗದ ಗುರುತು ಹೇಳಿ.

3. ಕೈಗೆ ಕೈಗವಸು ಅಥವಾ ಶುಭ್ರವಾದ ಪ್ಲಾಸ್ಟಿಕ್ ಚೀಲ ಹಾಕಿ. ಬೈರಾಸು, ದುಪ್ಪಟ್ಟಾ, ಶರ್ಟು ಏನಾದರೂ ಸರಿ, ಗಾಯದ ಮೇಲಿಟ್ಟು ಅಂಗೈಯಿಂದ, ಮೈಭಾರ ಹಾಕಿ ಒತ್ತಿ. ರಕ್ತ ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೆ ಇನ್ನೊಂದಿಟ್ಟು ಇನ್ನೂ ಬಲವಾಗಿ ಒತ್ತಿ. ಸಹಾಯ ಬರುವವರೆಗೆ ಕೈ ಬಿಡಬೇಡಿ.

4. ಗಾಯದಲ್ಲಿ ಚೂರಿ, ಗಾಜು, ಕಂಬಿ ಚುಚ್ಚಿಕೊಂಡಿದ್ದರೆ ಕೀಳಬೇಡಿ. ಅದರ ಎರಡೂ ಬದಿಗೆ ಒತ್ತಿ ಹಿಡಿಯಿರಿ.

5. ಕೈ ಅಥವಾ ಕಾಲಿನ ಗಾಯದಿಂದ ರಕ್ತ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದರೆ ಮಾತ್ರ ಬಿಗಿಪಟ್ಟಿ ಕಟ್ಟಿ. ಎರಡು ಮೂರು ಬೆರಳು ಅಗಲದ ಬಟ್ಟೆಯನ್ನು ಗಾಯಕ್ಕಿಂತ ಸುಮಾರು ನಾಲ್ಕು ಬೆರಳು ಮೇಲೆ ಸುತ್ತಿ. ಮೊಣಕಾಲು, ಮೊಣಕೈಯ ಗಂಟಿನ ಮೇಲೆ ಬೇಡ. ಗಂಟಿನಲ್ಲಿ ಗಟ್ಟಿ ಕೋಲು ಸಿಕ್ಕಿಸಿ ರಕ್ತ ನಿಲ್ಲುವವರೆಗೆ ತಿರುಚಿ ಕಟ್ಟಿ. ಕಟ್ಟಿದ ಸಮಯ ಬರೆದಿಡಿ. ಆಸ್ಪತ್ರೆ ತಲುಪುವವರೆಗೆ ಸಡಿಲಿಸಬೇಡಿ. ಹಾವು ಕಚ್ಚಿದರೆ ಮಾತ್ರ ಹೀಗೆ ಕಟ್ಟಲೇಬಾರದು.

6. ಎದೆ, ಹೊಟ್ಟೆಗೆ ಗುಂಡು ತಗಲಿದರೆ ಹೊರಗೆ ಸಣ್ಣ ರಂಧ್ರ ಕಾಣುತ್ತದೆ, ಒಳಗೆ ರಕ್ತ ಹರಿಯುತ್ತಿರುತ್ತದೆ. ‘ಏನಾಗಿಲ್ಲ, ನಡೆದಾಡುತ್ತಿದ್ದಾನೆ’ ಎಂದು ಕೂರಬೇಡಿ. ಒಂದು ಚರೆ ತಗಲಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

7. ಬಾಯಿಗೆ ನೀರು, ಸೋಡಾ, ಚಹಾ ಏನೂ ಬೇಡ. ಶಸ್ತ್ರಚಿಕಿತ್ಸೆ ಬೇಕಾಗಬಹುದು, ಎಚ್ಚರ ತಪ್ಪಿದರೆ ಉಸಿರುನಾಳಕ್ಕೂ ಹೋಗಬಹುದು. ಮಲಗಿಸಿ, ಹೊದಿಸಿ, ಬೆಚ್ಚಗಿಡಿ.

8. ಅಪಘಾತದ ಗಾಡಿಯಿಂದ ಎಳೆದು ಹಾಕಬೇಡಿ. ಬೆಂಕಿಯಂಥ ಅಪಾಯ ಇದ್ದರೆ ಮಾತ್ರ ತಲೆ, ಕುತ್ತಿಗೆ, ಬೆನ್ನು ತಿರುಚದಂತೆ ಹಿಡಿದು ಹೊರತೆಗೆಯಿರಿ.

9. ಎಚ್ಚರವೂ ಇಲ್ಲ, ಸರಿಯಾದ ಉಸಿರೂ ಇಲ್ಲ ಎಂದಾದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಾ ಇರಿ. ದಣಿದರೆ ಇನ್ನೊಬ್ಬರು ಮುಂದುವರಿಸಲಿ.

ಎಲ್ಲ ಮುಗಿದ ಮೇಲೆ ಕೈಯನ್ನು ಸೋಪು, ಹರಿಯುವ ನೀರಿನಿಂದ ಚೆನ್ನಾಗಿ ತೊಳೆಯಿರಿ. ಬಟ್ಟೆಯ ರಕ್ತವನ್ನು ತಣ್ಣೀರಿನಲ್ಲಿ ತೊಳೆಯಿರಿ, ಬಿಸಿನೀರಿನಲ್ಲಿ ಕಲೆ ಅಂಟಿಕೊಳ್ಳುತ್ತದೆ. ನಿಮ್ಮ ಕೈಯಲ್ಲಿ ಗಾಯ ಇದ್ದು ಅದಕ್ಕೆ ಅಥವಾ ಕಣ್ಣು ಬಾಯಿಗೆ ಇನ್ನೊಬ್ಬರ ರಕ್ತ ತಗಲಿದ್ದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಹೆಪಟೈಟಿಸ್ ಬಿ ಮುಂತಾದವುಗಳಿಗೆ ಬೇಗ ಹೋದರೆ ತಡೆ ಇದೆ.

‘ಕೇಸು ನಮ್ಮ ಮೈಮೇಲೆ ಬಂದರೆ?’

ಹಲವರು ಅಪಘಾತದ ಜಾಗದಲ್ಲಿ ನಿಲ್ಲದೆ ಮುಂದೆ ಹೋಗುವುದು ಕಲ್ಲುಮನಸ್ಸಿನಿಂದಲ್ಲ, ಈ ಭಯದಿಂದ. ನಮ್ಮ ಯುವಕರಿಗೆ ಇನ್ನೂ ಒಂದು ಭಯ: ‘ನಾನು ಎತ್ತಿಕೊಂಡು ಹೋದರೆ ನಾನೇ ಮಾಡಿದ್ದು ಎಂದರೆ?’ ಈ ಭಯಕ್ಕೆ ಕಾನೂನು ಉತ್ತರ ಕೊಟ್ಟಿದೆ.

1989ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಾಯಾಳುವಿಗೆ ಚಿಕಿತ್ಸೆ ಮೊದಲು, ಪೊಲೀಸ್ ವಿಧಿವಿಧಾನ ನಂತರ ಎಂದು ಸ್ಪಷ್ಟಪಡಿಸಿತು. ಸರಕಾರಿ ಆಸ್ಪತ್ರೆಯಾಗಲಿ ಖಾಸಗಿಯಾಗಲಿ, ‘ಇದು ಪೊಲೀಸ್ ಕೇಸು’ ಎಂದು ಹೇಳಿ ಜೀವ ಉಳಿಸುವ ಚಿಕಿತ್ಸೆ ನಿರಾಕರಿಸುವಂತಿಲ್ಲ. 2016ರ ಮಾರ್ಚ್ 30ರಂದು ಅದೇ ನ್ಯಾಯಾಲಯ, ಅಪಘಾತದಲ್ಲಿ ನೆರವಾಗುವವರ ರಕ್ಷಣೆಗೆ ಕೇಂದ್ರ ಸರಕಾರ ರೂಪಿಸಿದ್ದ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು. ಕರ್ನಾಟಕವೂ ಇಂಥ ಉಪಕಾರಿಗಳ ರಕ್ಷಣೆಗೆ ತನ್ನದೇ ಕಾಯ್ದೆಯನ್ನು 2016ರಲ್ಲಿ ರೂಪಿಸಿತು.

ಇವುಗಳ ಸಾರ ಹೀಗಿದೆ. ಅಪಘಾತದ ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ, ಏನನ್ನೂ ನಿರೀಕ್ಷಿಸದೆ ನೆರವಾದವರ ಮೇಲೆ, ಗಾಯಾಳು ಬದುಕದಿದ್ದರೂ ಮೊಕದ್ದಮೆ ಹೂಡುವಂತಿಲ್ಲ. ಹೆಸರು, ವಿಳಾಸ ಕೊಡಲೇಬೇಕು ಎಂದು ಬಲವಂತ ಮಾಡುವಂತಿಲ್ಲ. ಆಸ್ಪತ್ರೆಯವರು ನೆರವಾದವರನ್ನು ತಡೆದು ನಿಲ್ಲಿಸುವಂತಿಲ್ಲ, ಅವರಿಂದ ಹಣ ಕೇಳುವಂತಿಲ್ಲ. ಸಾಕ್ಷಿ ಹೇಳುವುದು ನಿಮ್ಮ ಇಷ್ಟ. ಮೇ 2025ರಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಇದೆ.

ಆದರೂ ವಿವೇಕ ಇರಲಿ. ಸಾಧ್ಯವಿದ್ದರೆ ಇಬ್ಬರು ಸೇರಿ ಹೋಗಿ, ಹತ್ತಿರದ ಅಂಗಡಿಯವರನ್ನೋ ಮನೆಯವರನ್ನೋ ಕರೆದುಕೊಳ್ಳಿ. ಮೊದಲೇ 112ಕ್ಕೆ ಕರೆ ಮಾಡಿದ್ದರೆ ನೀವು ಯಾವ ಹೊತ್ತಿಗೆ ಏನು ಹೇಳಿದಿರಿ ಎಂಬುದಕ್ಕೆ ದಾಖಲೆ ಉಳಿಯುತ್ತದೆ. ಗಾಯಾಳುವಿನ ಪರ್ಸು, ಫೋನು, ಒಡವೆಗಳನ್ನು ಎಲ್ಲರ ಎದುರಿಗೇ ಆಸ್ಪತ್ರೆಯ ಸಿಬ್ಬಂದಿಗೆ ಒಪ್ಪಿಸಿ. ವೀಡಿಯೊ ಮಾಡಬೇಡಿ. ಮಾಡುವವರಿಗೆ ಒಂದು ಕೆಲಸ ಕೊಡಿ, ಅವರೇ ಫೋನು ಒಳಗಿಡುತ್ತಾರೆ.

ಕೆಲವು ಸಂದೇಹಗಳು

ನಮಾಝ್‌ನಲ್ಲಿರುವಾಗ ಹೊರಗೆ ಅಪಘಾತವಾದರೆ? ಜೀವ ಉಳಿಸಲು ನಮಾಝ್ ಮುರಿದು ಹೋಗಬಹುದು, ಬೇರೆ ಯಾರೂ ಇಲ್ಲದಿದ್ದರೆ ಹೋಗಲೇಬೇಕು ಎಂದು ಫಿಕ್‌ಹ್ ವಿದ್ವಾಂಸರು ಹೇಳಿದ್ದಾರೆ. ನಮಾಝನ್ನು ನಂತರ ಮಾಡಬಹುದು, ಹೋದ ಜೀವ ಬರುವುದಿಲ್ಲ. ಗಾಯಗೊಂಡವರು ಪರಸ್ತ್ರೀಯಾದರೆ? ಅನಿವಾರ್ಯತೆಯಲ್ಲಿ ನಿಷೇಧ ಸಡಿಲಗೊಳ್ಳುತ್ತದೆ ಎಂಬುದು ಶರೀಅತ್‌ನ ತಿಳಿದ ನಿಯಮ. ಅಲ್ಲಿ ಹೆಂಗಸರಿದ್ದರೆ ಅವರನ್ನು ಕರೆಯಿರಿ, ಇಲ್ಲದಿದ್ದರೆ ಕಾಯಬೇಡಿ. ಮೈಯನ್ನು ಆದಷ್ಟು ಹೊದಿಸಿ ಮಾನ ಕಾಪಾಡಿ. ಗಾಯಾಳು ನಮ್ಮವನಲ್ಲದಿದ್ದರೆ? ಸೂರಃ ಅಲ್‌ಮಾಇದದ 32ನೇ ವಚನ ಒಂದು ಜೀವ ಉಳಿಸುವುದರ ಬೆಲೆಯನ್ನು ಹೇಳುವಾಗ ಆ ಜೀವದ ಜಾತಿ, ಮತ, ಊರು ಹೇಳಿಲ್ಲ. ನಾವೂ ಕೇಳಬಾರದು.

ಜಮಾಅತ್ ಮಾಡಬಹುದಾದ್ದು

ಖಂದಕ್ ಯುದ್ಧದಲ್ಲಿ ಗಾಯಗೊಂಡ ಹ. ಸಅದ್ ಬಿನ್ ಮುಆದ್(ರ)ರಿಗಾಗಿ ಪ್ರವಾದಿ(ಸ) ಮಸೀದಿಯಲ್ಲೇ ಡೇರೆ ಹಾಕಿಸಿದರು. ಗಾಯಾಳುಗಳನ್ನು ಉಪಚರಿಸುತ್ತಿದ್ದ ಹ. ರುಫೈದಾ(ರ) ಎಂಬ ಮಹಿಳೆಯ ಹೆಸರು ಅಲ್ಲಿ ಕೇಳಿಬರುತ್ತದೆ. ಮಸೀದಿಗೆ ಈ ಕೆಲಸ ಹೊಸದಲ್ಲ, ಹೆಂಗಸರಿಗೂ ಹೊಸದಲ್ಲ.

ರಸ್ತೆ ಪಕ್ಕದ ಪ್ರತಿ ಮಸೀದಿ, ಮದ್ರಸದಲ್ಲಿ ಒಂದು ಪೆಟ್ಟಿಗೆ ಇರಲಿ. ಕೈಗವಸು, ಹತ್ತಿಯ ದಪ್ಪ ಪಟ್ಟಿಗಳು, ಸುತ್ತುಬಟ್ಟೆ, ಕತ್ತರಿ, ಟಾರ್ಚು, ಹೊದಿಕೆ, ಬರೆಯಲು ಪೆನ್ನು ಇಷ್ಟು ಸಾಕು. ಬೀಗ ಹಾಕಿ ಕಾರ್ಯದರ್ಶಿಯ ಮನೆಯಲ್ಲಿಡಬೇಡಿ. ಕೋವಿಗೆ ಬೀಗ ಬೇಕು, ಈ ಪೆಟ್ಟಿಗೆಗೆ ಬೇಡ. ರೆಡ್‌ಕ್ರಾಸ್ ಅಥವಾ ಹತ್ತಿರದ ಆಸ್ಪತ್ರೆಯವರನ್ನು ಕರೆಸಿ ವರ್ಷಕ್ಕೊಮ್ಮೆ ಗಂಡಸರಿಗೂ ಹೆಂಗಸರಿಗೂ ತರಬೇತಿ ಕೊಡಿಸಿ. ಇಲ್ಲಿ ಓದಿದ್ದು ತಿಳಿವಳಿಕೆಗೆ ಸಾಕು, ಕೈ ಪಳಗಲು ಅಭ್ಯಾಸ ಬೇಕು. ರಕ್ತದಾನಿಗಳ ಪಟ್ಟಿ ಮಾಡಿ. ಶುಕ್ರವಾರದ ಖುತುಬಾದಲ್ಲಿ ಖತೀಬರು ಕೋವಿ ಇರುವವರಿಗೆ ಬೀಗದ ಮಾತನ್ನು ನೆನಪಿಸಲಿ.

ಮನೆಯಲ್ಲಿ ಕುಳಿತು ಮಾತನಾಡಲು

• ನಮ್ಮ ಮನೆಯಲ್ಲಿ ‘ತೆರೆದ ಮೊನೆ’ ಯಾವುದು? ಕೋವಿ, ಕತ್ತಿ, ಕೀಟನಾಶಕ, ಗ್ಯಾಸ್ ಎಲ್ಲವನ್ನೂ ಎಣಿಸಿ. ಇಂದು ಯಾವುದಕ್ಕೆ ಬೀಗ ಬೇಕು?
• 108, 112, 14416 ಈ ಮೂರೂ ಮನೆಯ ಎಲ್ಲರಿಗೂ, ಶಾಲೆಗೆ ಹೋಗುವ ಮಕ್ಕಳಿಗೂ ಬಾಯಿಪಾಠ ಇದೆಯೇ?
• ಬೈರಾಸನ್ನು ಮಡಚಿ ಗಾಯದ ಮೇಲೆ ಒತ್ತುವುದನ್ನು ಒಬ್ಬರ ತೋಳಿನ ಮೇಲೆ ಎಲ್ಲರೂ ಒಮ್ಮೆ ಮಾಡಿ ನೋಡಿ.
• ಕಳೆದ ಸಲ ರಸ್ತೆಯಲ್ಲಿ ಅಪಘಾತ ಕಂಡಾಗ ನಾವು ಏನು ಮಾಡಿದೆವು? ಇನ್ನು ಮುಂದೆ ಏನು ಮಾಡುತ್ತೇವೆ?

ನಮ್ಮ ಕೈಯಿಂದ ಯಾರ ರಕ್ತವೂ ಹರಿಯದಿರಲಿ. ಹರಿಯುವ ರಕ್ತವನ್ನು ನಿಲ್ಲಿಸಲು ನಮ್ಮ ಕೈ ಮುಂದೆ ಬರಲಿ. ಅಲ್ಲಾಹನು ಅದಕ್ಕೆ ಬೇಕಾದ ತಿಳಿವಳಿಕೆಯನ್ನೂ ಧೈರ್ಯವನ್ನೂ ನಮಗೆ ನೀಡಲಿ. ಆಮೀನ್.